ಬೀಜ ತೆಗೆದ ಕುದುರೆಯ ಋಣ

ಅಶೋಕ ಪಟ್ಟಕ್ಕೆ ಬಂದು 26 ವರ್ಷವಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನ ಬಹುಮಟ್ಟಿಗೆ ಪ್ರಾಣಿಗಳದ್ದೇ. ಯಾವ ಹಕ್ಕಿ, ಯಾವ ಮೀನು, ಯಾವ ಮೃಗವನ್ನು ಕೊಲ್ಲಬಾರದೆಂಬ ಉದ್ದನೆಯ ಪಟ್ಟಿ ಮುಗಿದ ಮೇಲೆ ಅದರಲ್ಲಿ ಇನ್ನೊಂದು ಅಪ್ಪಣೆ ಬರುತ್ತದೆ. ಪಕ್ಷದ ಅಷ್ಟಮಿ, ಚತುರ್ದಶಿ, ಅದರ ಮರುದಿನ, ತಿಷ್ಯ ಮತ್ತು ಪುನರ್ವಸು ನಕ್ಷತ್ರದ ದಿನ, ವರ್ಷದ ಮೂರು ಚಾತುರ್ಮಾಸಿ ದಿನ ಮತ್ತು ಹಬ್ಬದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಕೂಡದು; ಇವುಗಳಲ್ಲಿ ಕೆಲವು ದಿನ ಕುದುರೆಗೂ ಎತ್ತಿಗೂ ಬರೆ ಹಾಕಕೂಡದು. ಈ ಸ್ತಂಭಗಳು ನಿಂತದ್ದು ಉತ್ತರದಲ್ಲಿ. ಆದರೆ ಅದೇ ದೊರೆಯ ಮಾತು ನಮ್ಮ ಠಾಣೆಯ ಕರಾವಳಿಗೂ ಬಂದಿತ್ತು. 2014ರಲ್ಲಿ ಪಾಲಘರ್ ಪ್ರತ್ಯೇಕವಾಗುವ ತನಕ ಠಾಣೆ ಜಿಲ್ಲೆಯಲ್ಲೇ ಇದ್ದ ಸೋಪಾರದಲ್ಲಿ 1882ರಲ್ಲಿ ಅವನ ಬಂಡೆಶಾಸನದ ಒಂದು ತುಂಡು ಸಿಕ್ಕಿತು. ಆ ಸ್ತಂಭಶಾಸನವನ್ನು ಓದುವಾಗ ಕಣ್ಣಿಗೆ ಬೀಳುವುದು ಅದರ ಎಚ್ಚರ, ಜೊತೆಗೆ ಅದರ ಮಿತಿ. ಬೀಜ ಒಡೆಯುವುದು ಹಿಂಸೆ ಎಂಬುದನ್ನು ದೊರೆ ಒಪ್ಪಿದ್ದಾನೆ, ಇಲ್ಲದಿದ್ದರೆ ಪುಣ್ಯದಿನಗಳಲ್ಲಿ ತಡೆಯುವ ಕಾರಣವಿರಲಿಲ್ಲ. ಆದರೂ ಪೂರ್ತಿ ನಿಲ್ಲಿಸಿಲ್ಲ, ಯಾಕೆಂದರೆ ಎತ್ತಿಲ್ಲದೆ ಅವನ ರಾಜ್ಯದ ಉಳುಮೆ ನಡೆಯದು. ಹಿಂಸೆಯನ್ನು ಅವನು ಚಂದ್ರನ ಲೆಕ್ಕದಲ್ಲಿ ಕಡಿಮೆ ಮಾಡಿದ. ಬೀಜ ಒಡೆಯುವಾಗ ಪ್ರಾಣಿಯ ವಯಸ್ಸು ಎಷ್ಟಿರಬೇಕು, ಅದರ ಮೈ ಎಷ್ಟು ಬೆಳೆದಿರಬೇಕು ಎಂಬ ಮಾತು ಅಲ್ಲಿಲ್ಲ.

ಇವತ್ತು ಕುದುರೆ ಸಾಕುವವರ ನಡುವೆ ಕೇಳಿಬರುವುದು ಈ ಬಿಟ್ಟುಹೋದ ಪ್ರಶ್ನೆಯೇ. ಗಂಡುಮರಿಯ ಬೀಜವನ್ನು ಆರು ತಿಂಗಳಿಗೆ ತೆಗೆಸಬೇಕೇ, ಎರಡು ವರ್ಷ ತುಂಬಲಿ ಎಂದು ಕಾಯಬೇಕೇ? ಬೇಗ ತೆಗೆಸಿದರೆ ಮರಿ ಎತ್ತರ ಬೆಳೆಯುತ್ತದೆ ಎನ್ನುವವರಿದ್ದಾರೆ. ತಡವಾಗಿ ತೆಗೆಸಿದರೆ ಕತ್ತು ತುಂಬಿಕೊಂಡು ಎದೆ ಅಗಲವಾಗುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ನಿಜವಿದೆ. ಎಳೆಯ ಪ್ರಾಣಿಯ ಉದ್ದೆಲುಬಿನ ತುದಿಗಳಲ್ಲಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಪ್ರಾಯ ಬಂದಾಗ ಬೀಜದಲ್ಲಿ ಹುಟ್ಟುವ ಟೆಸ್ಟೊಸ್ಟೆರಾನಿನ ಒಂದಂಶ ದೇಹದೊಳಗೇ ಈಸ್ಟ್ರೋಜೆನ್ ಆಗಿ ಮಾರ್ಪಟ್ಟು ಆ ಪದರವನ್ನು ಗಟ್ಟಿ ಎಲುಬಾಗಿ ಬೆಸೆಯುತ್ತದೆ. ಬೀಜವೇ ಇಲ್ಲದಿದ್ದರೆ ಬೆಸುಗೆ ತಡವಾಗುತ್ತದೆ, ಎಲುಬು ಇನ್ನಷ್ಟು ಕಾಲ ಬೆಳೆಯುತ್ತದೆ. ಹೋರಿಗಿಂತ ಎತ್ತಿನ ಕಾಲು ಉದ್ದವಿರುವುದು ಇದರಿಂದಲೇ. ಯುರೋಪಿನಲ್ಲಿ ಎಳೆ ದನಿಯನ್ನು ಉಳಿಸಲೆಂದು ಬಾಲ್ಯದಲ್ಲೇ ಬೀಜ ಕೆಡಿಸಿಕೊಂಡ ಗಾಯಕರು ಉದ್ದ ಕೈಕಾಲಿನವರಾಗಿರುತ್ತಿದ್ದುದೂ ಇದರಿಂದಲೇ. ಆದರೆ ಕುದುರೆಯಲ್ಲಿ ಈ ವ್ಯತ್ಯಾಸವನ್ನು ಹಿಗ್ಗಿಸಿ ಹೇಳುವ ಚಾಳಿಯಿದೆ. ಒಂದು ವರ್ಷದ ಮರಿ ತನ್ನ ಪೂರ್ಣ ಎತ್ತರದ ಸುಮಾರು 90%ನ್ನು ಮುಟ್ಟಿರುತ್ತದೆ. ಮುಂಗಾಲಿನ ಮೊಣಕಾಲ ಕೆಳಗಿನ ಎಲುಬಿನ ಪದರ ವರ್ಷದೊಳಗೇ ಮುಚ್ಚುತ್ತದೆ, ಅದರ ಉದ್ದ ಬೀಜವಿದ್ದರೂ ಹೋದರೂ ಹೆಚ್ಚೇನೂ ಬದಲಾಗದು. ಮೊಣಕಾಲಿಗಿಂತ ಮೇಲಿನ ಎಲುಬಿನ ಕೆಳತುದಿ ಮುಚ್ಚುವುದು ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ. ಎಲ್ಲಕ್ಕಿಂತ ಕೊನೆಯದು ಬೆನ್ನು: ಬೆನ್ನುಹುರಿಯನ್ನು ಕಾಯುವ ಮಣಿಗಳ ಪದರಗಳು ಐದು ವರ್ಷದ ಆಚೀಚೆಗೆ ಮುಚ್ಚುತ್ತವೆ.

ನಡತೆಯ ವಿಷಯದಲ್ಲೂ ಜನರ ನಂಬಿಕೆಗೂ ಪರೀಕ್ಷೆಗೂ ದೂರವಿದೆ. ಪ್ರಾಯಕ್ಕೆ ಮುಂಚೆ ಬೀಜ ತೆಗೆದರೆ ಗಂಡುತನದ ಸೊಕ್ಕು ಬರುವುದೇ ಇಲ್ಲ, ತಡ ಮಾಡಿದರೆ ಹೋಗುವುದೇ ಇಲ್ಲ ಎಂದು ನಂಬಿದವರು ಹೆಚ್ಚು. 1985ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಎರಡೂ ಗುಂಪುಗಳನ್ನು ಹೋಲಿಸಿ ನೋಡಿತು; ಪ್ರಾಯಕ್ಕೆ ಮುಂಚೆ ಬೀಜ ತೆಗೆದವುಗಳಲ್ಲೂ ನಾಲ್ಕರಲ್ಲೊಂದರಷ್ಟು ಕುದುರೆಗಳು ಇತರ ಕುದುರೆಗಳೊಂದಿಗೆ ಗಂಡುಕುದುರೆಯಂತೆಯೇ ವರ್ತಿಸುತ್ತಿದ್ದವು. ವಯಸ್ಸು ನಿಜವಾಗಿ ಬದಲಿಸುವುದು ಗಾಯವನ್ನು. ಎಳೆಯ ಮರಿಯಲ್ಲಿ ಬೀಜ ಸಣ್ಣದು, ರಕ್ತನಾಳ ಸಣ್ಣದು, ಬಾವು ಕಡಿಮೆ, ಗಾಯ ಬೇಗ ಮಾಯುತ್ತದೆ. ಬೆಳೆದ ಕುದುರೆಯಲ್ಲಿ ರಕ್ತಸ್ರಾವವೂ ಬಾವೂ ಹೆಚ್ಚು. ಮೈಯ ಅಂದಕ್ಕೆಂದು ಕಾಯುವವನು ಆ ಅಂದದ ಬೆಲೆಯನ್ನು ಕುದುರೆಯ ನೋವಿನಲ್ಲಿ ಕೊಡಿಸುತ್ತಾನೆ. ಆದ್ದರಿಂದ ಪ್ರಾಣಿಯ ದಿಕ್ಕಿನಿಂದ ನೋಡಿದರೆ, ತೆಗೆಯಲೇಬೇಕೆಂದಿದ್ದರೆ, ಎರಡೂ ಬೀಜ ಇಳಿದಿರುವ ಆರೋಗ್ಯವಂತ ಮರಿಗೆ ಬೇಗ ಮಾಡಿಸುವುದೇ ಮೇಲು ಎಂಬ ಪಶುವೈದ್ಯರ ಸಾಮಾನ್ಯ ಅಭಿಪ್ರಾಯ ನನಗೂ ಒಪ್ಪಿಗೆ.

ನನ್ನ ತಕರಾರು ಶುರುವಾಗುವುದು ಇದರ ನಂತರ. ಬೀಜ ತೆಗೆದ ಮರಿ ಬೇಗ ಪಳಗುತ್ತದೆ. ಪಳಗಿದ್ದು ಬೇಗ ಕೆಲಸಕ್ಕೆ ಬರುತ್ತದೆ. ಮೂರು ವರ್ಷದ ಗಂಡುಕುದುರೆಯ ಮೇಲೆ ಅಪರಿಚಿತ ವರನನ್ನು ಕೂರಿಸಿ ಬ್ಯಾಂಡಿನ ನಡುವೆ ನಡೆಸಲು ಮಾಲೀಕ ಹಿಂಜರಿಯುತ್ತಾನೆ. ಅದೇ ವಯಸ್ಸಿನ ಬೀಜ ತೆಗೆದ ಕುದುರೆಯಾದರೆ ಹಿಂಜರಿಯುವುದಿಲ್ಲ. ಹಾಗಾದರೆ ಈ ಶಸ್ತ್ರಚಿಕಿತ್ಸೆ ಒಂದೇ ಏಟಿಗೆ ಎರಡು ಕೆಲಸ ಮಾಡಿತು: ಎಲುಬಿನ ಬೆಳವಣಿಗೆಯ ಕಾಲವನ್ನು ಕೊಂಚ ಹಿಗ್ಗಿಸಿತು, ಹೊರೆ ಏರುವ ಕಾಲವನ್ನು ಬಹಳ ಹಿಂದಕ್ಕೆಳೆಯಿತು. ಯಾವ ಪ್ರಾಣಿಗೆ ಹೆಚ್ಚು ದಿನ ಕಾಯಬೇಕಿತ್ತೋ ಅದರ ಬೆನ್ನಿಗೇ ಮೊದಲು ಹೊರೆ ಬೀಳುತ್ತದೆ. ಎಲುಬಿನ ತಡ ಎಷ್ಟೇ ಸಣ್ಣದೆಂದುಕೊಂಡರೂ ಈ ವಾದ ಸಡಿಲವಾಗದು, ಯಾಕೆಂದರೆ ಬೆನ್ನಿನ ಮಣಿಗಳು ಯಾವ ಕುದುರೆಯಲ್ಲೂ ಮೂರು ವರ್ಷಕ್ಕೆ ಗಟ್ಟಿಯಾಗಿರುವುದಿಲ್ಲ. ಗಂಡುತನದ ಒರಟುತನವೇ ಆ ಮರಿಗಿದ್ದ ಕಾವಲು. ಅದನ್ನು ತೆಗೆದವರು ನಾವು. ಕಾವಲು ತೆಗೆದವರೇ ಕಾವಲಾಗಿ ನಿಲ್ಲಬೇಕು ಎಂಬುದಷ್ಟೇ ನಾನು ಹೇಳಹೊರಟಿರುವುದು. ಬೀಜ ತೆಗೆಯುವುದು ಧರ್ಮವೋ ಅಧರ್ಮವೋ ಎಂಬ ತೀರ್ಪು ಕತ್ತಿ ಇಳಿದ ದಿನಕ್ಕೆ ಮುಗಿಯುವುದಿಲ್ಲ, ಮುಂದಿನ ನಾಲ್ಕೈದು ವರ್ಷ ಆ ಮರಿಯನ್ನು ಹೇಗೆ ನಡೆಸಿಕೊಂಡೆವು ಎಂಬುದರಲ್ಲಿ ಅದು ತೀರ್ಮಾನವಾಗುತ್ತದೆ.

ಇದು ನನ್ನ ಹೊಸ ಕಲ್ಪನೆಯೇನಲ್ಲ. ಠಾಣೆಯಲ್ಲೇ ಒಂದಕ್ಕೊಂದು ದೂರವಿಲ್ಲದ ಮಂದಿರಗಳಲ್ಲಿ ಉಳಿದಿರುವ ಧರ್ಮಗಳು ಈ ವಿಷಯವನ್ನು ಬಹಳ ಹಿಂದೆಯೇ ತೂಗಿನೋಡಿವೆ. ಟೆಂಭಿ ನಾಕಾದ ಮುನಿಸುವ್ರತ ಸ್ವಾಮಿಯ ಜಿನಾಲಯಕ್ಕೆ ಹೋಗುವ ಶ್ವೇತಾಂಬರ ಶ್ರಾವಕರ ಪರಂಪರೆಯಲ್ಲಿ ಗೃಹಸ್ಥ ಮಾಡಬಾರದ 15 ಕಸುಬುಗಳಿವೆ. ಅವುಗಳಲ್ಲಿ ಪ್ರಾಣಿಗಳ ಬೀಜ ಒಡೆಯುವ, ಅಂಗ ಊನ ಮಾಡುವ ನಿರ್ಲಾಂಛನ ಕರ್ಮವೂ ಒಂದು. ದಿಗಂಬರರೂ ಶ್ವೇತಾಂಬರರೂ ಒಪ್ಪುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇನ್ನೂ ಸೂಕ್ಷ್ಮವಾಗಿದೆ. ಅಹಿಂಸಾವ್ರತಕ್ಕೆ ಬರುವ ಐದು ದೋಷಗಳನ್ನು ಅದು ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಅನ್ನನೀರು ತಡೆಯುವುದು. ಕತ್ತರಿಸುವುದೂ ಹೇರುವುದೂ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತಿವೆ ಎಂಬುದನ್ನು ಗಮನಿಸಬೇಕು. ದುಡಿಯುವ ಪ್ರಾಣಿಯ ಬಾಳನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಹೊಳೆಯುವ ಜೋಡಣೆ ಅದು. ಒಂದು ದೋಷ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ: ಹೇರಲೆಂದೇ ಕತ್ತರಿಸುತ್ತಾರೆ, ಕತ್ತರಿಸಿದ್ದರಿಂದಲೇ ಹೇರಲು ಧೈರ್ಯ ಬರುತ್ತದೆ.

ಅದೇ ಊರಿನಲ್ಲಿ 1879ರಲ್ಲಿ ಕಟ್ಟಿದ ಬೆನೆ ಇಸ್ರೇಲಿಗಳ ಪ್ರಾರ್ಥನಾಮಂದಿರವಿದೆ. ಯಾವ ಪ್ರಾಣಿಯ ಬೀಜವನ್ನೂ ಕೆಡಿಸಬಾರದೆಂಬುದು ಯೆಹೂದಿ ಧರ್ಮಶಾಸ್ತ್ರದ ನಿಲುವು. ಯಾಜಕಕಾಂಡದ 22ನೆಯ ಅಧ್ಯಾಯವನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ. ಕೊಂಕಣದಲ್ಲಿ ಈ ಜನ ಎಣ್ಣೆ ಗಾಣದವರಾಗಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ನೆರೆಯವರು ಅವರನ್ನು ಶನಿವಾರ ತೇಲಿ ಎಂದೇ ಕರೆದರು. ಅವರ ಸಬ್ಬತ್ತಿನ ಕಟ್ಟಳೆ ಮನುಷ್ಯನಿಗೆ ಹೇಳಿದ ಉಸಿರಿನಲ್ಲೇ ದನಕ್ಕೂ ಬಿಡುವು ವಿಧಿಸುತ್ತದೆ. ಇಸ್ಲಾಮಿನಲ್ಲಿ ನ್ಯಾಯಪಂಡಿತರು ಒಮ್ಮತಕ್ಕೆ ಬರಲಿಲ್ಲ. ಪ್ರಯೋಜನವಿದ್ದರೆ ಸರಿ ಎಂದವರುಂಟು. ಇಮಾಮ್ ಮಾಲಿಕರ ಮುವತ್ತಾದಲ್ಲಿ ದಾಖಲಾದ ಇಬ್ನ್ ಉಮರ್ ಮಾತ್ರ ಸೃಷ್ಟಿಯ ಪೂರ್ಣತೆ ಇರುವುದೇ ಅಲ್ಲಿ ಎಂಬ ಕಾರಣ ಕೊಟ್ಟು ಇದನ್ನು ಇಷ್ಟಪಡಲಿಲ್ಲ. ಬೆಳವಣಿಗೆಯನ್ನೇ ಧರ್ಮದ ಪ್ರಶ್ನೆಯಾಗಿ ಕಂಡ ಮಾತು ಅದು. ಮಹಾಭಾರತದ ಶಾಂತಿಪರ್ವದಲ್ಲಿ ಕಾಶಿಯ ವರ್ತಕ ತುಲಾಧಾರ ತಪಸ್ವಿ ಜಾಜಲಿಗೆ ಪಾಠ ಹೇಳುವಾಗ, ಬೀಜ ಒಡೆದು, ಮೂಗು ಚುಚ್ಚಿ, ಭಾರ ಹೊರಿಸಿ, ಕಟ್ಟಿ ಪಳಗಿಸುವವರನ್ನು ನೀನು ಯಾಕೆ ದೂರುವುದಿಲ್ಲ ಎಂದು ಕೇಳುತ್ತಾನೆ. ಅವನೂ ಈ ನಾಲ್ಕನ್ನು ಒಂದೇ ಸರಪಣಿಯಾಗಿ ನೋಡಿದ್ದಾನೆ. ತಕ್ಕಡಿ ಹಿಡಿದ ಅಂಗಡಿಯವನ ಬಾಯಲ್ಲಿ ವ್ಯಾಸರು ಈ ಮಾತು ಆಡಿಸಿದ್ದು ಸುಮ್ಮನೆ ಅಲ್ಲವೆಂದು ನನಗೆ ಅನಿಸುತ್ತದೆ.

ಈ ಸರಪಣಿಯನ್ನು ಮೊದಲ ಕೊಂಡಿಯಲ್ಲೇ ಮುರಿಯಬಾರದೇಕೆ, ಬೀಜವನ್ನೇ ತೆಗೆಯದೆ ಬಿಡಬಾರದೇಕೆ ಎಂದು ಕೇಳಬಹುದು. ಮಾರವಾಡ, ಕಾಠೇವಾಡದ ಕಡೆ ಗಂಡುಕುದುರೆಯನ್ನು ಹಾಗೇ ಉಳಿಸಿಕೊಳ್ಳುವ ಹೆಮ್ಮೆಯ ಪದ್ಧತಿಯಿದೆ. ಆದರೆ ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಂಥ ಕಡೆ ಗಂಡುಕುದುರೆಯ ಬಾಳು ಹೇಗಿರುತ್ತದೆ ಎಂದು ಯೋಚಿಸಬೇಕು. ಕುದುರೆ ಹಿಂಡಿನ ಪ್ರಾಣಿ. ಇನ್ನೊಂದು ಕುದುರೆಯ ಕತ್ತು ತುರಿಸುವುದು, ಒಟ್ಟಿಗೆ ಮೇಯುವುದು, ಒಂದು ಕಾವಲಿರುವಾಗ ಇನ್ನೊಂದು ಮಲಗುವುದು ಅದರ ಸಹಜ ದಿನಚರಿ. ಬೀಜವಿರುವ ಗಂಡನ್ನು ಹೆಣ್ಣುಗಳ ಜೊತೆ ಬಿಡುವಂತಿಲ್ಲ, ಇತರ ಗಂಡುಗಳ ಜೊತೆ ಬಿಡಲು ಬಯಲಿಲ್ಲ. ಉಳಿಯುವುದು ಗೋಡೆಗಳ ನಡುವೆ ಗಿಡ್ಡ ಹಗ್ಗದ ಒಂಟಿ ಬಾಳು. ತತ್ತ್ವಾರ್ಥಸೂತ್ರದ ಪಟ್ಟಿ ಕಟ್ಟಿಹಾಕುವುದರಿಂದಲೇ ಶುರುವಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಂಗವನ್ನು ಉಳಿಸಿ ಸಂಗವನ್ನು ಕಸಿದರೆ ಅಹಿಂಸೆಯಾಗದು. ಬೀಜ ತೆಗೆದ ಕುದುರೆ ಜೊತೆಗಾರರೊಡನೆ ಬದುಕಬಲ್ಲದು, ಈ ಶಸ್ತ್ರಚಿಕಿತ್ಸೆಯ ಪರವಾಗಿ ಪ್ರಾಣಿಯ ಕಡೆಯಿಂದ ಹೇಳಬಹುದಾದ ಗಟ್ಟಿ ಕಾರಣ ಇದೊಂದೇ. ಬೀಜ ತೆಗೆಸಿದ ಮೇಲೂ ಅದನ್ನು ಒಂಟಿಯಾಗಿ ಕಟ್ಟಿದವನು ಆ ಕಾರಣವನ್ನೂ ಕಳೆದುಕೊಂಡಂತೆ.

ಇನ್ನೊಂದು ಆಕ್ಷೇಪ ವಿಜ್ಞಾನದ ಕಡೆಯಿಂದಲೇ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಹಾಲಕ್ಷ್ಮಿಯ ರೇಸ್‌ಕೋರ್ಸಿನಂಥ ಕಡೆ ಕುದುರೆಗಳು ಎರಡು ವರ್ಷಕ್ಕೇ ಓಡುತ್ತವೆ. ಎಳೆವಯಸ್ಸಿನಲ್ಲಿ ಓಡಿದ ಕುದುರೆಯ ಎಲುಬು ಲಾಯದಲ್ಲಿ ನಿಂತೇ ಬೆಳೆದದ್ದಕ್ಕಿಂತ ಬಲವಾಗಿರುತ್ತದೆ ಎಂದು ತೋರಿಸುವ ಅಧ್ಯಯನಗಳಿವೆ. ಎಲುಬು ತನ್ನ ಮೇಲೆ ಬಿದ್ದ ಒತ್ತಡಕ್ಕೆ ತಕ್ಕಂತೆ ಕಟ್ಟಿಕೊಳ್ಳುವುದು ನಿಜ. ಆದರೆ ಅದು ಬಲಗೊಳ್ಳಲು ದಿನಕ್ಕೆ ಸ್ವಲ್ಪ ಹೊತ್ತಿನ ಚುರುಕಾದ ಓಟ ಸಾಕು, ಬಯಲಲ್ಲಿ ಬಿಟ್ಟ ಮರಿಗಳು ಅದನ್ನು ತಾವಾಗಿಯೇ ಮಾಡುತ್ತವೆ. ಡಾಂಬರು ರಸ್ತೆಯ ಮೇಲೆ, ಪಟಾಕಿ ಮತ್ತು ಡಿಜೆಯ ಸದ್ದಿಗೆ ಮೈ ಬಿಗಿಹಿಡಿದು, ಎರಡು ಮೂರು ಗಂಟೆ ಭಾರ ಹೊತ್ತು ಹೆಜ್ಜೆಗೊಮ್ಮೆ ನಿಲ್ಲುವುದು ಆ ಜಾತಿಯ ವ್ಯಾಯಾಮವಲ್ಲ. ತೂಕದ ಲೆಕ್ಕವನ್ನೂ ಮಾಡಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದೆಂಬುದು ಬಳಕೆಯಲ್ಲಿರುವ ಅಂದಾಜು. 250 ಕಿಲೋದ ತಟ್ಟುವಿಗೆ ಅದು 50 ಕಿಲೋ ಆಯಿತು. ಶೇರವಾನಿ ಪೇಟದ ವರನೊಬ್ಬನೇ ಅದನ್ನು ಮೀರುತ್ತಾನೆ, ಮುಂದೆ ಒಂದು ಮಗುವನ್ನೂ ಕೂರಿಸುತ್ತೇವೆ. 1965ರ ಕೇಂದ್ರದ ನಿಯಮಗಳು ತಟ್ಟುವಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದೆಂದು ಹೇಳಿವೆ. ಆ ಮಿತಿ ಬೆಳೆದ ತಟ್ಟುವಿಗೂ ಬೆಳೆಯುತ್ತಿರುವುದಕ್ಕೂ ಒಂದೇ. ಕತ್ತಿಯ ವಿಷಯದಲ್ಲಿ ಕಾನೂನು ಮುಂದೆ ಬಂದಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ವಿಧಿಸಿದ ರೀತಿಯಲ್ಲಿ ಬೀಜ ತೆಗೆಯುವುದನ್ನು ಕ್ರೌರ್ಯದ ಪಟ್ಟಿಯಿಂದ ಹೊರಗಿಟ್ಟಿತ್ತು. 2023ರ ನಿಯಮಗಳು ಅರಿವಳಿಕೆ ಕೊಟ್ಟು ಪಶುವೈದ್ಯರೇ ಅದನ್ನು ಮಾಡಬೇಕೆಂದವು. ನೋವಿನ ಕ್ಷಣಕ್ಕೆ ಕಾನೂನು ಬಂತು. ಬೆನ್ನು ಬಲಿಯುವ ಆ ವರ್ಷಗಳಿಗೆ ಇನ್ನೂ ಬಂದಿಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ಇಷ್ಟೆಲ್ಲ ಲೆಕ್ಕಾಚಾರವನ್ನೇ ತಳ್ಳಿಹಾಕುತ್ತದೆ: ನಮ್ಮ ಮೆರವಣಿಗೆಗೆ ಕುದುರೆಯೇ ಬೇಡ, ಆಗ ಬೀಜ ತೆಗೆಯುವ ಪ್ರಶ್ನೆಯೂ ಏಳದು. ಈ ಮಾತಿನ ಬಲವನ್ನು ನಾನು ಒಪ್ಪುತ್ತೇನೆ. ಈ ಕರಾವಳಿಗೆ ಕುದುರೆ ತಾನಾಗಿ ಬಂದದ್ದೂ ಅಲ್ಲ. ಹದಿಮೂರನೆಯ ಶತಮಾನದ ಕೊನೆಯ ಠಾಣೆಯನ್ನು ವರ್ಣಿಸುವ ಮಾರ್ಕೊ ಪೋಲೊ, ಇಲ್ಲಿಯ ಅರಸ ಕಡಲ್ಗಳ್ಳರೊಡನೆ ಒಪ್ಪಂದ ಮಾಡಿಕೊಂಡಿದ್ದನೆನ್ನುತ್ತಾನೆ: ಹಡಗುಗಳಿಂದ ದೋಚಿದ ಬೇರೆಲ್ಲ ಸರಕು ಕಳ್ಳರಿಗೆ, ಕುದುರೆಗಳು ಮಾತ್ರ ಅರಸನಿಗೆ. ನಾಡಿನಲ್ಲಿ ಕುದುರೆ ಇರಲಿಲ್ಲ, ಅರಸನಿಗೆ ಬೇಕಿತ್ತು. ಸೆಕೆಗೂ ನಾಲ್ಕು ತಿಂಗಳ ಮಳೆಗೂ ಒಗ್ಗದ ಪ್ರಾಣಿಯನ್ನು ಬಲವಂತವಾಗಿ ಇಳಿಸಿಕೊಂಡ ಚರಿತ್ರೆ ನಮ್ಮದು. ಆದರೆ ಬೇಡ ಎಂದಷ್ಟಕ್ಕೆ ಋಣ ತೀರುವುದಿಲ್ಲ. 2015ರಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಲು ಹೇಳಿದಾಗ ಗಾಡಿಯವರ ಜೊತೆ ಕುದುರೆಗಳ ಪುನರ್ವಸತಿಯ ಪ್ರಶ್ನೆಯೂ ಎದ್ದಿತು, ಏಕೆಂದರೆ ನಿಷೇಧ ಗಾಡಿಯನ್ನು ನಿಲ್ಲಿಸಬಲ್ಲದು, ಗಾಡಿ ಎಳೆದ ಜೀವ ಮರುದಿನವೂ ಮೇವು ಕೇಳುತ್ತದೆ. ನವಿ ಮುಂಬಯಿಯಿಂದ ದೂರವಿಲ್ಲದ ಮಾಥೇರಾನಿನಲ್ಲಿ ಮೋಟಾರು ವಾಹನಕ್ಕೆ ನಿರ್ಬಂಧವಿರುವುದರಿಂದ ಸಾಗಾಟದಲ್ಲಿ ಕುದುರೆಗೂ ಪಾಲಿದೆ. ಗುಡಿ ಪಾಡ್ವದ ಶೋಭಾಯಾತ್ರೆಯಲ್ಲಿ ಶಿವಾಜಿಯ ವೇಷಧಾರಿ ಏರುವುದೂ ಕುದುರೆಯನ್ನೇ. ಇವೆಲ್ಲ ನಿಂತ ನಂತರ ಧರ್ಮ ಮಾತಾಡೋಣವೆಂದು ಕುಳಿತರೆ, ಈಗ ಹೊರೆ ಹೊತ್ತಿರುವ ತಲೆಮಾರಿನ ಪಾಲಿಗೆ ನಮ್ಮ ಧರ್ಮ ಬರುವುದೇ ಇಲ್ಲ. ಪೂರ್ಣ ಅಹಿಂಸೆಯ ಆದರ್ಶ ಇಂದಿನ ಹಿಂಸೆಯನ್ನು ಇಳಿಸುವ ಕೆಲಸಕ್ಕೆ ಅಡ್ಡ ನಿಲ್ಲಬಾರದು.

ತಾನೇನು ಕಳೆದುಕೊಂಡೆನೆಂದು ಪ್ರಾಣಿಗೆ ತಿಳಿಯುವುದೇ ಇಲ್ಲವಲ್ಲ ಎಂಬ ಮಾತೂ ಇದೆ. ತಿಳಿಯದಿರಬಹುದು. ಎಳೆಯ ಮಗುವಿನ ಬೆನ್ನಿಗೆ ಕಲ್ಲುಚೀಲ ಕಟ್ಟಿದರೆ ಮುಂದೆ ತನ್ನ ನಡು ಹೇಗಿರಬಹುದಿತ್ತೆಂದು ಅದಕ್ಕೂ ತಿಳಿಯದು. ತಿಳಿಯದೆಂಬ ಕಾರಣಕ್ಕೆ ಅಪರಾಧ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ದೂರು ಕೊಡಬಲ್ಲವನ ಎದುರು ನಾವು ಎಚ್ಚರದಿಂದಿರುತ್ತೇವೆ. ದೂರಲಾರದ ಜೀವದ ಎದುರಿಗೆ ಎಚ್ಚರವೆಲ್ಲ ನಮ್ಮೊಳಗಿನಿಂದಲೇ ಹುಟ್ಟಬೇಕು, ಧರ್ಮವೆಂಬುದರ ಅಗತ್ಯ ಬೀಳುವುದೇ ಅಲ್ಲಿ.

ಕೊನೆಗೆ ಹಣದ ಮಾತು. ಕಲ್ಯಾಣದಲ್ಲೋ ಪನವೇಲಿನಲ್ಲೋ ಎರಡು ಮೂರು ಕುದುರೆ ಇಟ್ಟುಕೊಂಡು ಮದುವೆಯ ಹಂಗಾಮಿನ ದುಡಿಮೆಯಲ್ಲಿ ವರ್ಷ ದೂಡುವ ಮನೆಗೆ, ಐದು ವರ್ಷದ ತನಕ ಮರಿಯನ್ನು ಕೂರಿಸಿ ಮೇವು ಹಾಕು ಎಂದು ಉಪದೇಶಿಸುವುದು ಸುಲಭ. ಕಡಲೆ, ಹೊಟ್ಟು, ಲಾಳ, ಧನುರ್ವಾಯುವಿನ ಚುಚ್ಚುಮದ್ದು ಯಾವುದೂ ಪುಕ್ಕಟೆ ಬರುವುದಿಲ್ಲ. ಆದ್ದರಿಂದ ಕಾಯುವ ಖರ್ಚನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಳೆಯ ಕುದುರೆ ದುಡಿಯುವುದು ನಾವು ಬಾಡಿಗೆ ಕೊಡುತ್ತೇವೆಂಬ ಕಾರಣಕ್ಕೆ. ಹಾಗಾಗಿ ಬಾಡಿಗೆ ಹಿಡಿಯುವವರು ವಯಸ್ಸು ಕೇಳಬೇಕು, ಬೆಳೆದ ಕುದುರೆಗೆ ಹೆಚ್ಚು ಕೊಡಬೇಕು, ಎಳೆಯದನ್ನು ಬೇಡವೆನ್ನಬೇಕು. ವಿಜಯಪುರ, ಕಲಬುರಗಿಯ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ನಮ್ಮ ಜನಕ್ಕೆ ಇದನ್ನು ಯಾರೂ ಕಲಿಸಬೇಕಿಲ್ಲ. ಸಂತೆಯಲ್ಲಿ ಹೋರಿಯ ತುಟಿ ಎತ್ತಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೋಡಿ ಬೆಲೆ ಕಟ್ಟಿದವರ ಮಕ್ಕಳು ಅವರು. ಕುದುರೆಯ ಬಾಯಿಯೂ ಹಾಗೇ ಹೇಳುತ್ತದೆ. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬಿದ್ದು ಬೇರೆ ಹುಟ್ಟುತ್ತವೆ, ಅದರ ಪಕ್ಕದವು ಮೂರೂವರೆಗೆ, ಅಂಚಿನವು ನಾಲ್ಕೂವರೆಗೆ. ಐದಕ್ಕೆ ಬಾಯಿಗೂಡುತ್ತದೆ, ಬೆನ್ನು ಬಲಿಯುವುದೂ ಹೆಚ್ಚುಕಡಿಮೆ ಆಗಲೇ. ಮುಹೂರ್ತ, ಛತ್ರ, ಬ್ಯಾಂಡು ಗೊತ್ತು ಮಾಡುವ ಮನೆಯ ಹಿರಿಯರು ಕುದುರೆಯವನಿಗೆ ಮುಂಗಡ ಕೊಡುವ ಮುಂಚೆ ಅದರ ಬಾಯಿ ತೆರೆಸಿ ನೋಡಲಿ.